ಪ್ರತಿ ಗ್ರಾಹಕರ ಕೆಳಗೂ ಎಲ್ಲರ ಬಿಲ್ಲುಗಳು: ನಾನು ಸರಿಪಡಿಸಿದ್ದು ಹೀಗೆ

ವರದಿಯಲ್ಲಿ ಪ್ರತಿ ಗ್ರಾಹಕರ ಹೆಸರು, ಅದರ ಕೆಳಗೆ ಅವರವರ ಬಿಲ್ಲುಗಳು ಬರಬೇಕಿತ್ತು. ಹಾಗಾಗಿ ಟೆಂಪ್ಲೇಟಿನ (ವರದಿಯ ಅಚ್ಚಿನ) ಹೊರಗಿನ ಲೂಪಿನಲ್ಲಿ ಗ್ರಾಹಕರ ಕ್ವೆರಿ (ಡೇಟಾಬೇಸಿನಿಂದ ಮಾಹಿತಿ ಕೇಳುವ ಆಜ್ಞೆ), ಅದರೊಳಗೆ ಬಿಲ್ಲುಗಳ ಕ್ವೆರಿ ಇಟ್ಟೆ. ಓಡಿಸಿದರೆ ಒಬ್ಬೊಬ್ಬರ ಕೆಳಗೂ ಎಲ್ಲರ ಬಿಲ್ಲುಗಳು! ಎರರ್ ಮಾತ್ರ ಒಂದೂ ಇಲ್ಲ.

ಅರ್ಧ ದಿನ ಟೆಂಪ್ಲೇಟನ್ನೇ ಕೆದಕಿದೆ. ತಪ್ಪಿದ್ದದ್ದು ಒಳಗಿನ ಕ್ವೆರಿಯ ಷರತ್ತಿನಲ್ಲಿ: ‘ಗ್ರಾಹಕ_ಐಡಿ = ಗ್ರಾಹಕ_ಐಡಿ’. ಬಲಗಡೆಯದು ಹೊರಗಿನ ಸಾಲಿನದು ಅಂತ ನಾನು ಅಂದುಕೊಂಡಿದ್ದೆ. ಡೇಟಾಬೇಸಿಗೆ ಆ ಹೊರಗಿನ ಸಾಲು ಕಾಣುವುದೇ ಇಲ್ಲ. ಎರಡನ್ನೂ ಬಿಲ್ ಟೇಬಲಿನ ಅದೇ ಕಾಲಂ ಅಂತ ಓದಿತು. ಕಾಲಂ ತನಗೆ ತಾನೇ ಸಮ, ಹಾಗಾಗಿ ಐಡಿ ಇರುವ ಎಲ್ಲ ಸಾಲೂ ಪಾಸು.

ಹೊರಗಿನ ಐಡಿಯನ್ನು ‘ಈಗಿನ_ಗ್ರಾಹಕ’ ಎಂಬ ಬೇರೆ ಹೆಸರಿನ ಪ್ಯಾರಾಮೀಟರ್ (ಕ್ವೆರಿಯ ಪಠ್ಯದಿಂದ ಪ್ರತ್ಯೇಕವಾಗಿ ಕೊಡುವ ಮೌಲ್ಯ) ಮಾಡಿ ಕಳಿಸಿದ ಕೂಡಲೇ ಸರಿಹೋಯಿತು. ಐಡಿಯನ್ನು ಕ್ವೆರಿಯ ಪಠ್ಯಕ್ಕೇ ಅಂಟಿಸಬೇಡಿ, ಇಂಜೆಕ್ಷನ್‌ಗೆ (ಹೊರಗಿನವರು ತಮ್ಮ ಆಜ್ಞೆಯನ್ನು ಕ್ವೆರಿಯೊಳಗೆ ತೂರಿಸುವ ದಾಳಿಗೆ) ಬಾಗಿಲು ತೆರೆದಂತೆ.

ಆದರೂ ವರದಿ ನಿಧಾನ: 300 ಗ್ರಾಹಕರಿಗೆ 301 ಕ್ವೆರಿ (ಗ್ರಾಹಕರ ಪಟ್ಟಿಗೆ ಒಂದು, ಒಬ್ಬೊಬ್ಬರ ಬಿಲ್ಲುಗಳಿಗೆ ಒಂದೊಂದು). ಕೊನೆಗೆ ಲೆಫ್ಟ್ ಜಾಯಿನ್ (ಬಿಲ್ಲಿಲ್ಲದ ಗ್ರಾಹಕರನ್ನೂ ಉಳಿಸಿಕೊಂಡು ಎರಡು ಟೇಬಲ್ ಜೋಡಿಸುವುದು) ಹಾಕಿ ಒಂದೇ ಕ್ವೆರಿ ಮಾಡಿದೆ, ಗ್ರಾಹಕರ ಐಡಿ ಪ್ರಕಾರ ಸಾರ್ಟ್ ಮಾಡಿ, ಐಡಿ ಬದಲಾದಾಗ ಹೊಸ ತಲೆಬರಹ ಬರುವಂತೆ ಟೆಂಪ್ಲೇಟಿನಲ್ಲಿ ಗುಂಪು ಮಾಡಿದೆ. ಎರಡೂ ಟೇಬಲಿನಲ್ಲಿ ಹೊಂದುವ ಸಾಲುಗಳನ್ನಷ್ಟೇ ಕೊಡುವ ಇನ್ನರ್ ಜಾಯಿನ್ ಆಗಿದ್ದರೆ ಬಿಲ್ಲೇ ಇಲ್ಲದ ಗ್ರಾಹಕರು ವರದಿಯಿಂದಲೇ ಮಾಯವಾಗುತ್ತಿದ್ದರು.