ಚಾರ್ಜ್ ಇಳಿಸಿ ತಪ್ಪು ಮುಚ್ಕೊಂಡ ಕತೆ: ಪೊಲೋನಿಯಂ 210, ನನ್ನ ಅನುಭವ

ಶೆಲ್ ಮಾಡೆಲ್ (ನ್ಯೂಕ್ಲಿಯಸ್ಸಲ್ಲಿ ಪ್ರೋಟಾನ್, ನ್ಯೂಟ್ರಾನ್ ಶೆಲ್ ಶೆಲ್ಲಾಗಿ ಕೂರ್ತಾವೆ ಅನ್ನೋ ಲೆಕ್ಕ) ಕೆಲಸ ಅಂದ್ರೆ ಸೂಪರ್ ಕಂಪ್ಯೂಟರ್ ಇರ್ಲೇಬೇಕು ಅಂದ್ಕೊಂಡಿದ್ದೆ, ಶುರು ಮಾಡಿದ್ದು ಡೊಂಬಿವಲಿ ರೂಮಲ್ಲಿ ಹಳೇ ಲ್ಯಾಪ್‌ಟಾಪಲ್ಲೇ. ಸೀಸ 208 ಇದ್ಯಲ್ಲ, 82 ಪ್ರೋಟಾನ್ 126 ನ್ಯೂಟ್ರಾನ್, ಎರಡೂ ಮ್ಯಾಜಿಕ್ ನಂಬರ್ (ಶೆಲ್ ಪೂರ್ತಿ ತುಂಬೋ ಸಂಖ್ಯೆ), ಅದನ್ನ ಅಲ್ಲಾಡದ ಕೋರ್ ಅಂತ ಒಪ್ಕೊಂಡ್ಬಿಟ್ರೆ ಪೊಲೋನಿಯಂ 210ರಲ್ಲಿ ತಲೆ ಕೆಡಿಸ್ಕೋಬೇಕಾಗಿರೋದು ಬರೀ ಎರಡು ಪ್ರೋಟಾನಿಗೆ. ಮೇಲಿನ ಶೆಲ್ಲಲ್ಲಿ 44 ಸೀಟು, ಇಬ್ಬರನ್ನ ಕೂರಿಸೋಕೆ 946 ದಾರಿ, ಅಷ್ಟೆ. ರೇಡಾನ್ 212ಕ್ಕೆ ಹೋದ್ರೆ ನಾಲ್ಕು ಜನ, 1,35,751. ರೇಡಿಯಂ 214ಕ್ಕೆ ಆರು ಜನ, 70 ಲಕ್ಷ ದಾಟತ್ತೆ, ನಮ್ಮ ಲೋಕಲ್ ಟ್ರೇನಿನ ನಾಲ್ಕನೇ ಸೀಟಿನ ಜಗಳ ಇದರ ಮುಂದೆ ಏನೂ ಅಲ್ಲ.

ಒಂಟಿ ಪ್ರೋಟಾನ್ ಎನರ್ಜಿಗಳನ್ನ ಬಿಸ್ಮತ್ 209ರಿಂದ ತಗೊಂಡೆ, ಅದ್ರಲ್ಲಿ ಸೀಸದ ಮೇಲೆ ಒಂದೇ ಪ್ರೋಟಾನ್ ಅಲ್ವಾ, ಕೆಳಗೆ ಎಚ್ 9/2 ಅನ್ನೋ ಆರ್ಬಿಟ್ (ಪ್ರೋಟಾನ್ ಕೂರೋ ಜಾಗ), 896 ಕೆಇವಿ (ಎನರ್ಜಿ ಅಳತೆ) ಮೇಲೆ ಎಫ್ 7/2, 1609ಕ್ಕೆ ಐ 13/2. ಕೆಶೆಲ್ ಅನ್ನೋ ಶೆಲ್ ಮಾಡೆಲ್ ಪ್ರೋಗ್ರಾಂ ಓಡಿಸಿದೆ. ಪ್ರಯೋಗದಲ್ಲಿ ಪೊಲೋನಿಯಂ 210ರ 2+ ಲೆವೆಲ್ (ಸ್ಪಿನ್ ನೋಡಿ ಇಟ್ಟ ಹೆಸರು) 1181 ಕೆಇವಿ, ಆಮೇಲೆ 1427, 1473, 1557 ಅಂತ 4+ 6+ 8+ ಒಂದ್ರ ಮೇಲೊಂದು ಒತ್ಕೊಂಡು ಕೂತಿವೆ, ನನ್ನ ಲೆಕ್ಕದಲ್ಲೂ ಹಾಗೇ ಬಂತು. ಆ ಒತ್ತಾಟದಿಂದಾನೇ 8+ ಸುಮಾರು 99 ನ್ಯಾನೋಸೆಕೆಂಡ್ ಬಾಳತ್ತೆ, ಇಳಿಯೋಕೆ ಮೆಟ್ಟಿಲು ಬರೀ 84 ಕೆಇವಿ.

ಆದ್ರೆ 8+ ಇಂದ 6+ಗೆ ಇಳಿಯೋ ಈ2 ಬಲ (ಗಾಮಾ ಬಿಟ್ಟು ಇಳಿಯೋ ಒಂದು ಬಗೆಯ ಜಿಗಿತ ಎಷ್ಟು ಜೋರು ಅನ್ನೋ ಅಳತೆ) ಮಾತ್ರ ಪ್ರಯೋಗಕ್ಕಿಂತ ಹೆಚ್ಚುಕಮ್ಮಿ 70% ಜಾಸ್ತಿ! ಪ್ರೋಟಾನಿನ ನಿಜವಾದ ಚಾರ್ಜ್ 1, ಆದ್ರೆ ಕೋರ್ ಸ್ವಲ್ಪ ಅಲ್ಲಾಡೋದನ್ನೂ ಸೇರಿಸಿ ಲೆಕ್ಕದಲ್ಲಿ 1.5 ಕೊಡೋದು ವಾಡಿಕೆ, ನಾನು ಸದ್ದಿಲ್ದೆ 1.15ಕ್ಕೆ ಇಳಿಸಿದೆ, ಹೊಂದ್ಕೊಂಡ್ತು, ಖುಷಿಯಲ್ಲಿ ಮಾಟುಂಗಾದಲ್ಲಿ ಇಡ್ಲಿ ತಿನ್ಕೊಂಡು ಧಾರವಾಡದ ಸೀನಿಯರ್ ಒಬ್ರಿಗೆ ತೋರಿಸ್ದೆ.

"1.15? ಹಂಗಾರ ಕೋರ್ ಹೆಚ್ಚುಕಮ್ಮಿ ಸತ್ತ್ ಬಿದ್ದೈತಿ ಅಂತೀಯೇನು? ಚಾರ್ಜ್ ಮುಟ್ಟಬ್ಯಾಡ, ಕೈಲೆ ಲೆಕ್ಕಾ ಮಾಡ್ ಮೊದಲ."

ವಾಪಸ್ ಬರ್ತಾ ಟ್ರೇನಲ್ಲೇ ಪೆನ್ಸಿಲ್ ಹಿಡಿದೆ. ಆಸಿಲೇಟರ್ ಮಾದರಿಯಲ್ಲಿ ಆರ್ ಸ್ಕ್ವೇರ್ (ಕೇಂದ್ರದಿಂದ ದೂರದ ವರ್ಗ) ಸರಾಸರಿ ಅಂದ್ರೆ 2ಎನ್ + ಎಲ್ + 3/2, ಎನ್, ಎಲ್ ಅನ್ನೋದು ಆರ್ಬಿಟ್‌ನ ನಂಬರ್‌ಗಳು, ಎಚ್‌ಗೆ ಎಲ್ 5, ಎನ್ ಸೊನ್ನೆ ಆದ್ರೆ 6.5, ಒಂದಾದ್ರೆ 8.5. ಈ2 ಬಲ ಆ ಸರಾಸರಿಯ ವರ್ಗದ ಹಾಗೆ ಏರತ್ತೆ, ಭಾಗಿಸಿ ವರ್ಗ ಮಾಡಿದ್ರೆ 1.71, ಅದೇ 70%. ಅಯ್ಯೋ ದೇವ್ರೇ ಅನ್ನಿಸ್ತು! ಹಳೇ ಪೇಪರ್‌ಗಳಲ್ಲಿ 1ಎಚ್ 9/2 ಅಂತಾರೆ, ಕೆಶೆಲ್ ಎಣಿಕೆ ಸೊನ್ನೆಯಿಂದ, ನಾನು ಪೇಪರ್ ನೋಡ್ಕೊಂಡು ಎಲ್ಲಾ ಆರ್ಬಿಟ್‌ಗೂ ಎನ್ ಒಂದೊಂದು ಜಾಸ್ತಿ ಹಾಕಿದ್ದೆ. ಎನರ್ಜಿಗೆ ಇದು ತಾಗೋದೇ ಇಲ್ಲ, ಯಾಕಂದ್ರೆ ಮ್ಯಾಟ್ರಿಕ್ಸ್ ಎಲಿಮೆಂಟ್‌ಗಳು (ಪ್ರೋಟಾನ್‌ಗಳ ನಡುವಿನ ಬಲದ ಅಂಕಿಗಳು) ಫೈಲಲ್ಲೇ ರೆಡಿ ಇರ್ತಾವೆ, ಎನ್ ಬೇಕಾಗೋದು ಈ2 ಲೆಕ್ಕಕ್ಕೆ ಮಾತ್ರ. ಲೆವೆಲ್ ಚಿತ್ರ ಎಷ್ಟು ಸಲ ನೋಡಿದ್ರೂ ಸಿಕ್ತಿರ್ಲಿಲ್ಲ.

ಎನ್ ತಿದ್ದಿ ಚಾರ್ಜ್ 1.5ಕ್ಕೇ ಇಟ್ಟೆ, 8+ ಸರಿಹೋಯ್ತು. 2+ ಇಂದ 0+ಗೆ ಮಾತ್ರ ಈಗ್ಲೂ ಪ್ರಯೋಗಕ್ಕಿಂತ ಜಾಸ್ತೀನೇ ಬರ್ತಿದೆ. ಇದು ನಂದೊಬ್ಬನದೇ ಗೋಳಲ್ಲ, ಬೇರೆಯವ್ರ ಶೆಲ್ ಮಾಡೆಲ್ ಲೆಕ್ಕಕ್ಕೂ ಹಾಗೇ ಬರತ್ತೆ. ನನ್ನ ಅನುಮಾನ ಕೋರ್ ಮೇಲೆ, 2615 ಕೆಇವಿ ಕೊಟ್ಟು ತಟ್ಟಿದ್ರೆ ಸೀಸ 208ಊ ನಡುಗತ್ತೆ ತಾನೆ. ರೇಡಾನ್ ಫೈಲ್ ಓಡ್ತಾ ಇದೆ, ಈ ಸಲ ಎನ್ ಕಾಲಮ್ ಎರಡು ಸಲ ನೋಡಿದೀನಿ.