ವ್ಯೂಹ ಆಮೇಲೆ, ಹೆಸರು ಮೊದಲು: ಐಎಸ್‌ಎಲ್ ತಂಡವನ್ನು ಹಾಳೆಯ ಮೇಲೆ ಕಟ್ಟುವ ಕ್ರಮ

ಹೊಸ ಋತುವಿಗೆ ಮುನ್ನ ಆಟಗಾರರ ವರ್ಗಾವಣೆ ಶುರುವಾಯಿತೆಂದರೆ ಫುಟ್‌ಬಾಲ್ ಅಭಿಮಾನಿಗಳೆಲ್ಲರೂ ತಂಡ ಕಟ್ಟಲು ಕೂರುತ್ತಾರೆ. ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಹಾಳೆಯ ತಲೆಯ ಮೇಲೆ 4-3-3 (ನಾಲ್ವರು ಡಿಫೆಂಡರ್, ಮೂವರು ಮಿಡ್‌ಫೀಲ್ಡರ್, ಮುಂದೆ ಮೂವರು ಎಂಬ ವ್ಯೂಹ) ಎಂದು ಬರೆದು, ಹನ್ನೊಂದು ಸುತ್ತು ಹಾಕಿ, ಒಂದೊಂದರೊಳಗೂ ತಮಗೆ ಇಷ್ಟವಾದ ಹೆಸರನ್ನು ತುಂಬುವುದು. ಬೆಂಗಳೂರು ಎಫ್‌ಸಿಯ ಪಂದ್ಯಗಳನ್ನು ಕಂಠೀರವ ಕ್ರೀಡಾಂಗಣದಲ್ಲಿ ನೋಡಲು ತೊಡಗಿದ ಮೇಲೆ ನಾನೂ ಕೆಲವು ವರ್ಷ ಹಾಗೆಯೇ ಮಾಡಿದೆ. ಹಾಳೆಯ ಮೇಲೆ ಪ್ರಶಸ್ತಿ ಗೆದ್ದುಬಿಡುತ್ತಿದ್ದ ನನ್ನ ತಂಡ ಮೈದಾನದಲ್ಲಿ ಮಾತ್ರ ಏಕೆ ತಡವರಿಸುತ್ತದೆ ಎಂದು ಹಳೆಯ ಹಾಳೆಗಳನ್ನು ತೆಗೆದು ನೋಡಿದಾಗ ತಪ್ಪು ಕಣ್ಣಿಗೆ ಬಿತ್ತು. ಇಂಡಿಯನ್ ಸೂಪರ್ ಲೀಗ್‌ನಲ್ಲಿ ವ್ಯೂಹದಿಂದ ತಂಡ ಹುಟ್ಟುವುದಿಲ್ಲ. ಯಾವ ನಾಲ್ಕು ಜಾಗಗಳನ್ನು ವಿದೇಶಿಯರಿಗೆ ಬಿಟ್ಟುಕೊಡುತ್ತೀರಿ ಎಂಬುದು ತೀರ್ಮಾನವಾದ ಮೇಲೆಯೇ ವ್ಯೂಹ ಹೊರಡುತ್ತದೆ.

ಇದಕ್ಕೆ ಕಾರಣ ನಿಯಮದಲ್ಲಿದೆ. 2014ರಲ್ಲಿ ಲೀಗ್ ಆರಂಭವಾದಾಗ ಒಂದು ತಂಡದ ಆರು ಮಂದಿ ವಿದೇಶಿಯರು ಏಕಕಾಲಕ್ಕೆ ಮೈದಾನದಲ್ಲಿ ಇರಬಹುದಿತ್ತು. 2017-18ರಲ್ಲಿ ಆ ಸಂಖ್ಯೆ ಐದಕ್ಕೆ, 2021-22ರಲ್ಲಿ ನಾಲ್ಕಕ್ಕೆ ಇಳಿಯಿತು. ಹನ್ನೊಂದರಲ್ಲಿ ಏಳು ಮಂದಿ ಭಾರತೀಯರೇ ಇರಬೇಕೆಂದಾದಾಗ, ಎಷ್ಟೇ ದುಬಾರಿ ಸ್ಟ್ರೈಕರ್‌ನನ್ನು ಕರೆತಂದರೂ ಅವನಿಗೆ ಚೆಂಡು ಮುಟ್ಟಿಸುವವರು ಮತ್ತು ಅವನು ಕಳೆದುಕೊಂಡ ಚೆಂಡಿನ ಹಿಂದೆ ಓಡುವವರು ಬಹುಪಾಲು ಭಾರತೀಯರೇ ಆಗಿರುತ್ತಾರೆ.

ಆದ್ದರಿಂದ ಹಾಳೆಯಲ್ಲಿ ಮೊದಲು ಭಾರತೀಯ ಆಟಗಾರರನ್ನು ಬರೆದುಕೊಳ್ಳಿ. ಪ್ರತಿ ಹೆಸರಿನ ಪಕ್ಕದಲ್ಲಿ ಎರಡು ಸಾಲು ಸಾಕು: ಚೆಂಡು ನಮ್ಮ ಬಳಿ ಇದ್ದಾಗ ಅವನು ಏನು ಮಾಡುತ್ತಾನೆ, ಚೆಂಡು ಕೈತಪ್ಪಿದಾಗ ಏನು ಮಾಡುತ್ತಾನೆ. ‘ಒಳ್ಳೆಯ ಆಟಗಾರ’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ‘ಓಡುತ್ತಲೇ ಎಡಗಾಲಿನಿಂದ ಕ್ರಾಸ್ (ಅಂಚಿನಿಂದ ಗೋಲಿನ ಮುಂದಕ್ಕೆ ಹೊಡೆಯುವ ಚೆಂಡು) ಕೊಡುತ್ತಾನೆ, ಹಿಂದಕ್ಕೆ ಬರುವಾಗ ಮಾತ್ರ ತಡ’ ಎಂದು ಬರೆದರೆ ಅವನ ಹಿಂದೆ ಎಂಥವನು ಬೇಕೆಂಬುದು ಅಲ್ಲಿಯೇ ಗೊತ್ತಾಗುತ್ತದೆ. ಹೀಗೆ ಬರೆಯುತ್ತಾ ಹೋದಂತೆ ಕೆಲವು ಜಾಗಗಳು ಸುಲಭವಾಗಿ ತುಂಬುತ್ತವೆ. ಗೋಲ್‌ಕೀಪರ್ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ. ಗುರ್‌ಪ್ರೀತ್ ಸಿಂಗ್ ಸಂಧು ನಾರ್ವೆಯ ಸ್ಟಾಬೆಕ್ ಬಿಟ್ಟು 2017ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಇಲ್ಲಿ ಆ ಪ್ರಶ್ನೆಯೇ ಏಳಲಿಲ್ಲ, ಉಳಿದ ಕ್ಲಬ್‌ಗಳೂ ಸಾಮಾನ್ಯವಾಗಿ ಭಾರತೀಯನನ್ನೇ ನಿಲ್ಲಿಸುತ್ತವೆ. ಎರಡೂ ಅಂಚುಗಳಲ್ಲಿ ಓಡುವ ಹುಡುಗರಿಗೂ ಕೊರತೆಯಿಲ್ಲ. ಕಷ್ಟವಿರುವುದು ಒಂದು ಗೋಲಿನಿಂದ ಇನ್ನೊಂದು ಗೋಲಿನವರೆಗಿನ ನಡುಭಾಗದಲ್ಲಿ. ಬೆನ್ನಿಗೆ ಡಿಫೆಂಡರ್ ಅಂಟಿಕೊಂಡಿದ್ದರೂ ಚೆಂಡನ್ನು ಹಿಡಿದು ನಿಲ್ಲಿಸಬಲ್ಲ ಸ್ಟ್ರೈಕರ್ ಮತ್ತು ಎರಡು ಸಾಲುಗಳ ನಡುವೆ ತಿರುಗಿ ಪಾಸ್ ಕೊಡಬಲ್ಲ ಮಿಡ್‌ಫೀಲ್ಡರ್, ಈ ಇಬ್ಬರು ನಮ್ಮಲ್ಲಿ ಅಪರೂಪ. ವರ್ಷಗಟ್ಟಲೆ ಕ್ಲಬ್‌ಗಳು ಇವೇ ಜಾಗಗಳಿಗೆ ಹೊರಗಿನವರನ್ನು ತರುತ್ತಿರುವುದರಿಂದ, ಗೋಲು ಹೊಡೆಯಬಲ್ಲ ಹುಡುಗ ವಿಂಗ್‌ಗೆ, ಅಂದರೆ ಅಂಚಿಗೆ, ಸರಿದು ಅಲ್ಲಿಯೇ ಉಳಿದುಬಿಡುತ್ತಾನೆ. ಸುನಿಲ್ ಛೆಟ್ರಿಯಂಥವರೇ 2017-18ರಲ್ಲಿ ವೆನೆಜುವೆಲಾದ ಸ್ಟ್ರೈಕರ್ ಮಿಕು ಮುಂದಿದ್ದ ಕಾರಣ ಎಡಬದಿಯಿಂದ ಆಡಬೇಕಾಯಿತು. ಆ ಋತುವಿನಲ್ಲಿ ಮಿಕು 15, ಛೆಟ್ರಿ 14 ಗೋಲು ಹೊಡೆದರೆಂಬುದು ಛೆಟ್ರಿಯ ಹೆಚ್ಚುಗಾರಿಕೆ. ಎಲ್ಲರಿಗೂ ಅದು ಒದಗುವುದಿಲ್ಲ.

ಈಗ ಖಾಲಿ ಉಳಿದ ಸುತ್ತುಗಳನ್ನು ನೋಡಿ. ವಿದೇಶಿಯರು ಹೋಗಬೇಕಾದದ್ದು ಅಲ್ಲಿಗೆ, ಅಲ್ಲಿಗೆ ಮಾತ್ರ. ನನ್ನ ಮಟ್ಟಿಗೆ ಒಬ್ಬ ಸೆಂಟರ್ ಬ್ಯಾಕ್ (ಡಿಫೆನ್ಸ್‌ನ ನಡುವೆ ನಿಲ್ಲುವವನು), ಒಬ್ಬ ಅಥವಾ ಇಬ್ಬರು ಮಿಡ್‌ಫೀಲ್ಡರ್, ಒಬ್ಬ ಸ್ಟ್ರೈಕರ್ ಎಂಬ ಬೆನ್ನೆಲುಬು ಸರಿಯಾದದ್ದು; ವಿಂಗ್‌ನಲ್ಲಿ ವಿದೇಶಿಯನನ್ನು ನಿಲ್ಲಿಸುವುದನ್ನು ನಾನು ದುಂದುವೆಚ್ಚವೆಂದೇ ತಿಳಿಯುತ್ತೇನೆ, ಒಪ್ಪದ ಗೆಳೆಯರು ಬೇಕಾದಷ್ಟಿದ್ದಾರೆ. ಬೆಂಚಿನಲ್ಲಿ ಕೂರುವ ವಿದೇಶಿಯರನ್ನು ಆರಿಸುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅವರಲ್ಲಿ ಒಬ್ಬನು ಒಳಗೆ ಹೋಗಬೇಕಾದರೆ, ನಾಲ್ವರೂ ಆಗಲೇ ಮೈದಾನದಲ್ಲಿರುವಾಗ, ಇನ್ನೊಬ್ಬ ವಿದೇಶಿಯ ಹೊರಬರಲೇಬೇಕು. ಸ್ಟ್ರೈಕರ್ ಮಾತ್ರ ಆಗಬಲ್ಲವನಿಗಿಂತ ಡಿಫೆನ್ಸ್‌ನಲ್ಲಿಯೂ ಮಿಡ್‌ಫೀಲ್ಡ್‌ನಲ್ಲಿಯೂ ನಿಲ್ಲಬಲ್ಲವನು ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಾನೆ.

ವ್ಯೂಹ ಇಷ್ಟಾದ ಮೇಲೆ. 2022-23ರ ಬೆಂಗಳೂರು ತಂಡವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಿ. ಸೈಮನ್ ಗ್ರೇಸನ್ ಕೋಚ್ ಆಗಿದ್ದರು. ಋತುವಿನ ಮೊದಲರ್ಧದಲ್ಲಿ ಪಟ್ಟಿಯ ಕೆಳಭಾಗದಲ್ಲಿ ತೆವಳುತ್ತಿದ್ದ ತಂಡ ಲೀಗ್‌ನ ಕೊನೆಯ ಹಂತದಲ್ಲಿ ಸತತ ಎಂಟು ಪಂದ್ಯ ಗೆದ್ದು ನಾಲ್ಕನೆಯ ಸ್ಥಾನಕ್ಕೆ ಏರಿತು. ಕೈಯಲ್ಲಿದ್ದ ಆಟಗಾರರನ್ನು ಗಮನಿಸಿದರೆ ಮೂವರು ಸೆಂಟರ್ ಬ್ಯಾಕ್‌ಗಳ ವ್ಯೂಹ ಏಕೆ ಒಪ್ಪಿತೆಂಬುದು ಸ್ಪಷ್ಟವಾಗುತ್ತದೆ. ಸಂದೇಶ್ ಝಿಂಗನ್ ಮತ್ತು ಆಸ್ಟ್ರೇಲಿಯಾದ ಅಲೆಕ್ಸಾಂಡರ್ ಯೋವನೋವಿಚ್ ಗಾಳಿಯಲ್ಲಿ ಬಂದ ಚೆಂಡನ್ನು ಬಿಡದ ಡಿಫೆಂಡರ್‌ಗಳು. ಎಡಬದಿಯ ರೋಶನ್ ಸಿಂಗ್ ಅವರ ಕ್ರಾಸ್ ಮತ್ತು ಫ್ರೀ ಕಿಕ್ ತಂಡದ ದೊಡ್ಡ ಆಸ್ತಿ. ನಾಲ್ವರ ಡಿಫೆನ್ಸ್‌ನಲ್ಲಿ ಅವರನ್ನು ಫುಲ್ ಬ್ಯಾಕ್, ಅಂದರೆ ಅಂಚಿನ ಡಿಫೆಂಡರ್, ಮಾಡಿದರೆ ಅರ್ಧ ಶಕ್ತಿ ಹಿಂದಕ್ಕೆ ಓಡುವುದರಲ್ಲಿಯೇ ಕಳೆದುಹೋಗುತ್ತದೆ. ಹಿಂದೆ ಮೂವರು ನಿಂತಾಗ ಅವರೂ ಬಲಬದಿಯ ಪ್ರಬೀರ್ ದಾಸ್ ಅವರೂ ಮುಂದಕ್ಕೆ ನುಗ್ಗಬಹುದು. ಅಂಚುಗಳನ್ನು ಆ ಇಬ್ಬರೇ ನೋಡಿಕೊಳ್ಳುವುದರಿಂದ ಮುಂದೆ ಫಿಜಿಯ ರಾಯ್ ಕೃಷ್ಣ ಮತ್ತು ಶಿವಶಕ್ತಿ ನಾರಾಯಣನ್ ಜೋಡಿಯಾಗಿ ಆಡಿದರು, ಅವರ ಹಿಂದೆ ಸ್ಪೇನ್‌ನ ಮಿಡ್‌ಫೀಲ್ಡರ್ ಹಾವಿ ಹೆರ್ನಾಂಡೆಸ್ ತಮಗೆ ಬೇಕಾದ ಜಾಗ ಹುಡುಕಿಕೊಂಡರು. ಯುವ ಭಾರತೀಯ ಸ್ಟ್ರೈಕರ್‌ಗೆ ಪಕ್ಕದಲ್ಲಿ ಅನುಭವಿ ಜೊತೆಗಾರ ಸಿಕ್ಕಿದ್ದೂ ಈ ವ್ಯೂಹದ ಕಾಣದ ಲಾಭ.

ನಿಮ್ಮ ಹಾಳೆಯ ವ್ಯೂಹ ನಿಜಕ್ಕೂ ನಿಲ್ಲುತ್ತದೆಯೇ ಎಂದು ಪರೀಕ್ಷಿಸಲು ಪಂದ್ಯಕ್ಕೆ ಹೋದಾಗ ಸ್ವಲ್ಪ ಮೇಲಿನ ಸಾಲಿನಲ್ಲಿ ಕುಳಿತುಕೊಳ್ಳಿ. ಕಂಠೀರವದಲ್ಲಿ ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇರುವುದರಿಂದ ಆಟ ದೂರವಾಯಿತೆಂದು ಎಲ್ಲರೂ ಗೊಣಗುತ್ತಾರೆ, ನಾನೂ ಗೊಣಗಿದ್ದೇನೆ. ಆದರೆ ಸಾಲುಗಳ ನಡುವಿನ ಅಂತರ ಕಾಣಲು ಆ ದೂರವೇ ಅನುಕೂಲ. ಎದುರಾಳಿಯ ಗೋಲ್‌ಕೀಪರ್ ಗೋಲ್ ಕಿಕ್‌ಗೆ ಚೆಂಡು ಇಟ್ಟಾಗ ಚೆಂಡನ್ನು ಬಿಟ್ಟು ನಮ್ಮವರನ್ನು ನೋಡಿ. ಸ್ಟ್ರೈಕರ್ ಪ್ರೆಸ್ ಮಾಡಲು, ಅಂದರೆ ಎದುರಾಳಿಯ ಮೇಲೆ ಮುಗಿಬಿದ್ದು ಚೆಂಡು ಕಸಿಯಲು, ಮುಂದಕ್ಕೆ ಓಡಿದ ಅದೇ ಕ್ಷಣಕ್ಕೆ ಮಿಡ್‌ಫೀಲ್ಡರ್‌ಗಳೂ ನಾಲ್ಕು ಹೆಜ್ಜೆ ಮೇಲೆ ಬಂದರೇ, ಡಿಫೆಂಡರ್‌ಗಳು ಹಿಂದೆಯೇ ಉಳಿದರೇ? ಅವರು ಉಳಿದುಬಿಟ್ಟರೆ ನಡುವೆ ಬಯಲು ತೆರೆದುಕೊಳ್ಳುತ್ತದೆ, ಎದುರಾಳಿಯ ಒಂದೇ ಪಾಸ್ ಇಡೀ ಪ್ರೆಸ್ಸನ್ನು ದಾಟಿಬಿಡುತ್ತದೆ. ನಿಧಾನಗತಿಯ ಸೆಂಟರ್ ಬ್ಯಾಕ್‌ಗಳನ್ನು ಆರಿಸಿಕೊಂಡು ಮುಂದೆ ಪ್ರೆಸ್ ಮಾಡುವ ಆಟ ಬಯಸಿದವರ ಹಾಳೆಯಲ್ಲಿ ಈ ಬಯಲು ಮೊದಲೇ ಇರುತ್ತದೆ. ಕೊಚ್ಚಿ ಮತ್ತು ಗೋವಾದ ಸೆಕೆಯಲ್ಲಿ ತೊಂಬತ್ತು ನಿಮಿಷವೂ ಹಾಗೆ ಓಡಲು ಆಗುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಾಳೆಯ ಅಂಚಿನಲ್ಲಿ ಇನ್ನೊಂದು ಪಟ್ಟಿ ಬೇಕು: ಕಾರ್ನರ್ ಯಾರು ಹೊಡೆಯುತ್ತಾರೆ, ಯಾರ ತಲೆಗೆ, ನಮ್ಮ ಗೋಲಿನ ಮುಂದಿನ ಪೆಟ್ಟಿಗೆಯೊಳಗೆ ಯಾರು ಯಾರನ್ನು ಹಿಡಿಯುತ್ತಾರೆ. ಇದು ಸಣ್ಣ ಸಂಗತಿಯೆಂದು ತಿಳಿಯುವವರು ಎರಡು ಫೈನಲ್‌ಗಳನ್ನು ನೆನಪಿಸಿಕೊಳ್ಳಲಿ. 2018ರ ಮಾರ್ಚ್ 17ರಂದು ಕಂಠೀರವದಲ್ಲಿ ಛೆಟ್ರಿಯ ಗೋಲಿನಿಂದ ಮುಂದಿದ್ದ ಬೆಂಗಳೂರು, ಚೆನ್ನೈಯಿನ್‌ನ ಸೆಂಟರ್ ಬ್ಯಾಕ್ ಮೈಲ್ಸನ್ ಆಲ್ವೆಸ್ ಕಾರ್ನರ್‌ಗಳಿಂದ ಎರಡು ಬಾರಿ ತಲೆಯಿಂದ ಗೋಲು ಹೊಡೆದ ಕಾರಣ ಹಿಡಿತ ಕಳೆದುಕೊಂಡು 3-2ರಿಂದ ಸೋತಿತು. ಸರಿಯಾಗಿ ಒಂದು ವರ್ಷದ ನಂತರ, ಅದೇ ದಿನ, ಮುಂಬೈಯಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯ ಮುಗಿಯುತ್ತಿದ್ದಾಗ ಕಾರ್ನರ್‌ನಿಂದ ಬಂದ ಚೆಂಡಿಗೆ ಬೆಂಗಳೂರಿನ ಡಿಫೆಂಡರ್ ರಾಹುಲ್ ಭೇಕೆ ತಲೆಕೊಟ್ಟು 1-0ರಿಂದ ಪ್ರಶಸ್ತಿ ಗೆಲ್ಲಿಸಿದರು. ಡಿಫೆಂಡರ್‌ನ ಎತ್ತರ ಮತ್ತು ಚೆಂಡಿನತ್ತ ನೆಗೆಯುವ ಸಮಯಪ್ರಜ್ಞೆಯನ್ನು ಆಯ್ಕೆಯ ಹೊತ್ತಿನಲ್ಲಿಯೇ ನೋಡಬೇಕು. ಋತುವಿನ ನಡುವೆ ಎತ್ತರವನ್ನು ಯಾವ ಕೋಚ್ ಕೂಡ ಕಲಿಸಲಾರ.

ಬಳಿಕ ಪ್ರತಿ ಹೆಸರಿನ ಪಕ್ಕ ವಯಸ್ಸು ಮತ್ತು ಒಪ್ಪಂದ ಮುಗಿಯುವ ವರ್ಷವನ್ನು ಬರೆಯಿರಿ. ಒಂದೇ ವರ್ಷಕ್ಕೆ ಆರೇಳು ಒಪ್ಪಂದಗಳು ಮುಗಿಯುತ್ತಿದ್ದರೆ ಮುಂದಿನ ಬೇಸಿಗೆಯಲ್ಲಿ ಮತ್ತೆ ಮೊದಲಿನಿಂದ ಕಟ್ಟಬೇಕಾಗುತ್ತದೆ. ಇಪ್ಪತ್ತರ ಆಸುಪಾಸಿನ ಹುಡುಗರು ಮೂವರಾದರೂ ಇರಲಿ, ಮತ್ತು ಅವರಿಗೆ ಎಲ್ಲಿ ಆಡುವ ಸಮಯ ಸಿಗುತ್ತದೆ ಎಂಬುದು ಹಾಳೆಯಲ್ಲಿಯೇ ಕಾಣಲಿ. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಕ್ಲಬ್‌ನ ಯುವ ತಂಡಗಳಿಂದ ಮೇಲೆ ಬಂದ ವಿನೀತ್ ವೆಂಕಟೇಶ್ ಈಸ್ಟ್ ಬೆಂಗಾಲ್ ವಿರುದ್ಧದ ಋತುವಿನ ಮೊದಲ ಪಂದ್ಯದಲ್ಲಿಯೇ ಗೆಲುವಿನ ಗೋಲು ಹೊಡೆದದ್ದು ಅವರನ್ನು ಆರಂಭದ ಹನ್ನೊಂದರಲ್ಲಿ ಇಳಿಸುವ ಧೈರ್ಯ ಮಾಡಿದ್ದರಿಂದ. ಅದೇ ಋತುವಿನಲ್ಲಿ ನಲವತ್ತು ದಾಟಿದ ಛೆಟ್ರಿ, ಹಲವು ಪಂದ್ಯಗಳಲ್ಲಿ ಬೆಂಚಿನಿಂದ ಎದ್ದು ಬಂದೂ, 14 ಗೋಲು ಹೊಡೆದರು.

ಕೊನೆಯದು ರಬ್ಬರಿನ ಪರೀಕ್ಷೆ. ಪೂರ್ತಿಯಾದ ಹಾಳೆಯಿಂದ ಯಾವುದಾದರೂ ಒಂದು ಹೆಸರನ್ನು, ಎಲ್ಲಕ್ಕಿಂತ ಮುಖ್ಯವಾದದ್ದನ್ನೇ, ಅಳಿಸಿ. ಬದಲಿಗೆ ಬಂದವನು ಅದೇ ಕೆಲಸ ಮಾಡುತ್ತಾನೆಯೇ, ವ್ಯೂಹ ಬದಲಾಗಬೇಕೇ, ವಿದೇಶಿಯರ ಲೆಕ್ಕ ತಪ್ಪುತ್ತದೆಯೇ ಎಂದು ನೋಡಿ. 2023ರ ಮಾರ್ಚ್ 18ರ ಫೈನಲ್‌ನಲ್ಲಿ, ಗೋವಾದ ಫತೋರ್ಡಾದಲ್ಲಿ, ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ಶಿವಶಕ್ತಿ ಗಾಯಗೊಂಡು ಹೊರಹೋದರು. ಭಾರತೀಯನ ಜಾಗಕ್ಕೆ ಭಾರತೀಯನಾಗಿಯೇ ಛೆಟ್ರಿ ಬಂದರು, ಮುಂದಿನ ಜೋಡಿ ಜೋಡಿಯಾಗಿಯೇ ಉಳಿಯಿತು, ಉಳಿದ ಒಂಬತ್ತು ಮಂದಿ ಮತ್ತು ಗೋಲ್‌ಕೀಪರ್ ತಮ್ಮ ಜಾಗ ಬಿಟ್ಟು ಕದಲಬೇಕಾಗಲಿಲ್ಲ. ಎಟಿಕೆ ಮೋಹನ್ ಬಗಾನ್ ಎದುರಿನ ಆ ಪಂದ್ಯ 2-2ರಲ್ಲಿ ಮುಗಿದು ಪೆನಾಲ್ಟಿಗಳಲ್ಲಿ ಕೈತಪ್ಪಿದರೂ ಹಾಳೆ ಹರಿಯಲಿಲ್ಲ. ನಿಮ್ಮ ಹಾಳೆಯಲ್ಲಿ ಒಂದು ಹೆಸರು ಅಳಿಸಿದಾಗ ಮೂರು ಸುತ್ತುಗಳು ಸರಿಯಬೇಕಾಗಿ ಬಂದರೆ, ಮತ್ತೆ ಭಾರತೀಯರ ಪಟ್ಟಿಗೆ ಹಿಂದಿರುಗಿ ಅಲ್ಲಿಂದ ಆರಂಭಿಸಿ.