ಕಪ್ಪತಗುಡ್ಡದ ಬೆಳಗು: ಸೂರ್ಯನಿಗಿಂತ ಗುಡ್ಡ ಮುಖ್ಯ

ಕಪ್ಪತಗುಡ್ಡಕ್ಕೆ ನಸುಕಿನಲ್ಲಿ ಕ್ಯಾಮೆರಾ ಹಿಡಿದು ಹೋದವರಲ್ಲಿ ಹೆಚ್ಚಿನವರು ತರುವುದು ಸೂರ್ಯನ ಫೋಟೊ. ಕೆಂಪು ಸೂರ್ಯ, ಕೆಳಗೆ ಒಂದು ಕಪ್ಪು ಗೆರೆ, ಮುಗೀತು. ಅದು ಮನೆ ಮಾಳಿಗೆ ಮೇಲೆ ನಿಂತರೂ ಸಿಗುತ್ತದೆ ಅಲ್ವಾ? ನಾನು ಹುಬ್ಬಳ್ಳಿಯಿಂದ ಗದಗ ದಾಟಿ ಅಷ್ಟು ದೂರ ಚಳಿಯಲ್ಲಿ ಬೈಕ್ ಓಡಿಸಿಕೊಂಡು ಹೋಗುವುದು ಗುಡ್ಡಕ್ಕಾಗಿ. ಅದರ ಮೈ ಫೋಟೊದಲ್ಲಿ ಕಾಣಬೇಕು.

ಇದು ಸಹ್ಯಾದ್ರಿಯ ಹಾಗೆ ಕಡಿದಾದ ಬೆಟ್ಟ ಅಲ್ಲ. ದುಂಡಗಿನ ತಲೆ, ಹುಲ್ಲು, ಕುರುಚಲು ಗಿಡ, ಅಲ್ಲಲ್ಲಿ ಗಾಳಿಯಂತ್ರ. ಮಧ್ಯಾಹ್ನ ನೋಡಿದರೆ ಎಲ್ಲಾ ಒಂದೇ ಸಪಾಟು. ಬೆಳಕು ಪಕ್ಕದಿಂದ ಸವರಿಕೊಂಡು ಬಂದಾಗ ಮಾತ್ರ ಮುದುರಿಟ್ಟ ಕಂಬಳಿಯ ಹಾಗೆ ಒಂದೊಂದೇ ಮಡಿಕೆ ಎದ್ದು ಕಾಣುತ್ತದೆ.

ಹಾಗಾಗಿ ನಾನು ಮೊದಲು ನೋಡುವುದು ಸೂರ್ಯ ಯಾವ ದಿಕ್ಕಿಗೆ ಹುಟ್ಟುತ್ತಾನೆ ಅನ್ನುವುದನ್ನು. ಗುಡ್ಡದ ಸಾಲು ಗದಗ ಹತ್ತಿರದ ಬಿಂಕದಕಟ್ಟಿ ಕಡೆಯಿಂದ ತುಂಗಭದ್ರೆ ದಂಡೆಯ ಸಿಂಗಟಾಲೂರಿನ ಕಡೆಗೆ, ಅಂದರೆ ಹೆಚ್ಚುಕಡಿಮೆ ವಾಯವ್ಯದಿಂದ ಆಗ್ನೇಯಕ್ಕೆ ಹಬ್ಬಿದೆ. ಡಿಸೆಂಬರ್‌ನಲ್ಲಿ ಸೂರ್ಯ ನೇರ ಪೂರ್ವಕ್ಕೆ ಹುಟ್ಟುವುದಿಲ್ಲ, ಸುಮಾರು 25 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ಆಗ ಬೆಳಕು ಸಾಲಿನ ಉದ್ದಕ್ಕೂ ಓರೆಯಾಗಿ ಬರುತ್ತದೆ, ಪ್ರತಿ ಮಡಿಕೆಗೂ ಒಂದು ನೆರಳು ಸಿಗುತ್ತದೆ. ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ ಸರಿದಿರುತ್ತಾನೆ, ಬೆಳಕು ಪೂರ್ವದ ಇಳಿಜಾರಿಗೆ ನೇರವಾಗಿ ಬಡಿಯುತ್ತದೆ, ನೆರಳೇ ಕಡಿಮೆ. ಹಸಿರು ಬೇಕು ಅಂದರೆ ಮಳೆಗಾಲದ ಕೊನೆ ಛಲೋ. ಆಕಾರ ಬೇಕು ಅಂದರೆ ನವೆಂಬರ್‌ನಿಂದ ಜನವರಿ. ಎರಡರಲ್ಲಿ ನನಗೆ ಆಕಾರವೇ ಹೆಚ್ಚು, ಒಣ ಹುಲ್ಲಿನ ಹಳದಿ ಬಣ್ಣಕ್ಕೆ ಆ ಎಳೆ ಬಿಸಿಲು ಬಿದ್ದಾಗ ನೋಡಿದವರಿಗೆ ಗೊತ್ತು.

ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು 6:50ರ ಆಸುಪಾಸು. ನಾನು ಮುಕ್ಕಾಲು ಗಂಟೆ ಮೊದಲೇ ಟ್ರೈಪಾಡ್ ನಿಲ್ಲಿಸಿರುತ್ತೇನೆ. ಕತ್ತಲಲ್ಲಿ ಆಟೊಫೋಕಸ್ ಒದ್ದಾಡುತ್ತದೆ, ಅದಕ್ಕೆ ದೂರದ ಊರಿನ ಬೀದಿ ದೀಪವನ್ನು ಸ್ಕ್ರೀನ್ ಮೇಲೆ ದೊಡ್ಡದು ಮಾಡಿಕೊಂಡು ಫೋಕಸ್ ಕೂರಿಸಿ, ಮ್ಯಾನ್ಯುವಲ್‌ಗೆ ಹಾಕಿ, ಆಮೇಲೆ ಆ ರಿಂಗ್ ಮುಟ್ಟುವುದಿಲ್ಲ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್/8 ಅಥವಾ ಎಫ್/11, ಎರಡು ಸೆಕೆಂಡಿನ ಟೈಮರ್. ಮೇಲೆ ಗಾಳಿ ಜಾಸ್ತಿ. ಗಾಳಿಯಂತ್ರ ಸುಮ್ನೆ ಅಲ್ಲಿ ನಿಲ್ಲಿಸಿಲ್ಲ! ಟ್ರೈಪಾಡ್ ಕಾಲು ಪೂರ್ತಿ ಎಳೆಯಬೇಡಿ, ಗಿಡ್ಡ ಇಡಿ. ಬ್ಯಾಗನ್ನು ನಡುವೆ ನೇತುಹಾಕಿ, ಆದರೆ ಅದು ತೂಗಾಡದೆ ನೆಲಕ್ಕೆ ತಾಗಿರಲಿ. ಲೆನ್ಸಿನಲ್ಲಿ ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಆಫ್ ಮಾಡಿಬಿಡಿ.

ಇಲ್ಲಿ ಒಂದು ಕೆಲಸ ತಪ್ಪದೆ ಮಾಡಿ: ಸೂರ್ಯ ಹುಟ್ಟುವ ಮೊದಲು ಹಿಂದಕ್ಕೆ ತಿರುಗಿ ಪಶ್ಚಿಮ ನೋಡಿ. ದಿಗಂತದ ಮೇಲೆ ನೀಲಿ ಬೂದಿ ಬಣ್ಣದ ಪಟ್ಟಿ, ಅದರ ಮೇಲೆ ಗುಲಾಬಿ ಪಟ್ಟಿ ಕಾಣುತ್ತದೆ. ಕೆಳಗಿನದು ಭೂಮಿಯ ನೆರಳು. ಸೂರ್ಯ ಮೇಲೆ ಬಂದಂತೆ ಅದು ಇಳಿದು ಮಾಯವಾಗುತ್ತದೆ. ಎಲ್ಲರೂ ಪೂರ್ವಕ್ಕೆ ಮುಖ ಮಾಡಿ ನಿಂತಿರುವುದರಿಂದ ಅದನ್ನು ನೋಡುವವರೇ ಇರುವುದಿಲ್ಲ, ನನಗೆ ಬೇಜಾರಾಗುತ್ತದೆ. ಇದಕ್ಕೆ ಮೇಲೆ ಹತ್ತಲೇಬೇಕು ಅಂತಿಲ್ಲ, ಡಂಬಳ ಊರಿನ ಕಡೆ ಕೆಳಗೆ ಎರೆ ಹೊಲದ ಬದುವಿನಲ್ಲಿ ನಿಂತರೂ ಸಾಕು. ಮುಂದೆ ಜೋಳ, ಹಿಂದೆ ಗುಡ್ಡ, ಮೊದಲ ಬಿಸಿಲು ನೆತ್ತಿಗೆ ಬಿದ್ದು ನಿಧಾನಕ್ಕೆ ಕೆಳಗಿಳಿಯುತ್ತದೆ.

ಮಂಜಿನ ವಿಷಯ ನನಗೆ ಹೇಳಿಕೊಟ್ಟಿದ್ದು ಅಲ್ಲಿ ಕುರಿ ಕಾಯುವ ಒಬ್ಬ ಅಜ್ಜ. "ತಮ್ಮಾ, ರಾತ್ರಿ ಗಾಳಿ ನಿಂತಿತ್ತಂದ್ರ ಮಂಜು ಬೀಳ್ತೈತಿ ನೋಡು" ಅಂದಿದ್ದರು. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಗಾಳಿ ಬೀಸದಿದ್ದರೆ ಆ ತಂಪು ತಗ್ಗಿನಲ್ಲೇ ಕೂತು ಮಂಜಾಗುತ್ತದೆ. ಹಿಂದಿನ ದಿನ ಮಳೆಯಾಗಿ ನೆಲ ಹಸಿಯಿದ್ದರೆ ಇನ್ನೂ ಒಳ್ಳೆಯದು. ಅಂಥ ದಿನ ನಾನು ವೈಡ್ ಲೆನ್ಸ್ ತೆಗೆಯುವುದೇ ಇಲ್ಲ, ದೂರದ್ದನ್ನು ಹತ್ತಿರ ಎಳೆಯುವ 70–200 ಜೂಮ್ ಲೆನ್ಸ್ ಹಾಕಿ ಆಗ್ನೇಯದ ಕಡೆ ಸಾಲಿನ ಮೇಲೆ ಸಾಲು ಹಿಡಿಯುತ್ತೇನೆ.

ಸೂರ್ಯ ಮೇಲೆ ಬಂದ ಮೇಲೆ ಆಕಾಶ ಮತ್ತು ನೆಲದ ಬೆಳಕಿನಲ್ಲಿ ಭಾಳ ಫರಕು. ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದ ಕಚ್ಚಾ ಫೈಲ್) ಎರಡೆರಡು ಸ್ಟಾಪ್ ಅಂತರದ, ಅಂದರೆ ಒಂದಕ್ಕಿಂತ ಒಂದಕ್ಕೆ ನಾಲ್ಕು ಪಟ್ಟು ಬೆಳಕಿನ, ಮೂರು ಫೋಟೊ ತೆಗೆದು ಆಮೇಲೆ ಸೇರಿಸುತ್ತೇನೆ. ಮೊಬೈಲ್ ಇದ್ದರೆ ಆಕಾಶದ ಮೇಲೆ ಬೆರಳು ಒತ್ತಿ ಹಿಡಿದು ಬೆಳಕು ಲಾಕ್ ಮಾಡಿ, ಸ್ವಲ್ಪ ಕಡಿಮೆ ಮಾಡಿ, ಅಷ್ಟೇ.

2019ರಿಂದ ಇದು ವನ್ಯಜೀವಿಧಾಮ. ಚಿರತೆ, ಕತ್ತೆಕಿರುಬ, ತೋಳ ಇರುವ ಜಾಗ. ಅರಣ್ಯ ಇಲಾಖೆಯವರನ್ನು ಕೇಳದೆ ಕತ್ತಲಲ್ಲಿ ಒಳಗೆ ಹೋಗಬೇಡಿ, ಒಬ್ಬರೇ ಅಂತೂ ಬೇಡ. ಚಳಿ ಅಂತ ಬೆಂಕಿ ಹಚ್ಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಒಂದು ಕಿಡಿ ಸಾಕು ಆ ಒಣ ಹುಲ್ಲಿಗೆ.

ಎಂಟರ ಹೊತ್ತಿಗೆ ಗುಡ್ಡ ಮತ್ತೆ ಸಪಾಟಾಗುತ್ತದೆ. ಆಗ ನಾನು ಡಂಬಳದ ದೊಡ್ಡಬಸಪ್ಪ ಗುಡಿಗೆ ಹೋಗುತ್ತೇನೆ. ಚಾಲುಕ್ಯರ ಕಾಲದ ಗುಡಿ, ನಕ್ಷತ್ರದಾಕಾರ, ಗೋಡೆಗೆ ಒಂದಾದ ಮೇಲೆ ಒಂದು ಮೂಲೆ. ಓರೆ ಬಿಸಿಲು ಆ ಮೂಲೆಗಳಲ್ಲಿ ಇನ್ನೂ ಸ್ವಲ್ಪ ಹೊತ್ತು ನೆರಳು ಕೊಡುತ್ತದೆ, ಲೆನ್ಸ್ ಬದಲಿಸಿ ಕೆಲಸ ಮುಂದುವರಿಸಬಹುದು.